ನರ್ಸಮ್ಮನ ಕಾರು ಗೇಟಿಗೆ ಗುದ್ದಿದ ಮೇಲೆ

ನರ್ಸಮ್ಮ ಮಾರುಕಟ್ಟೆಯಿಂದ ಬಂದು ಕಾರನ್ನು ಶೆಡ್ಡಿಗೆ ಹಾಕಿ, ತರಕಾರಿ ಚೀಲವನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು, ಒಂದು ಲೋಟ ನೀರು ಬಗ್ಗಿಸಿಕೊಂಡಿದ್ದರು, ಅಷ್ಟೆ. ಲೋಟ ಇನ್ನೂ ತುಟಿಗೆ ತಾಗಿರಲಿಲ್ಲ, ಹೊರಗೆ ಧಡಾರನೆ ಸದ್ದಾಯಿತು. ಹಿಂದೆಯೇ ಗಾಜು ಒಡೆದ ಸದ್ದು. ಅದರ ಹಿಂದೆ ಮೊಮ್ಮಗಳು ಚೂಟಿ "ಅಜ್ಜೀ" ಅಂತ ಕೂಗಿದ್ದು. ಲೋಟವನ್ನು ಎಲ್ಲಿಟ್ಟರೋ ಅವರಿಗೇ ಗೊತ್ತಿಲ್ಲ. ಬಡಕಲು ಎಡಗಾಲನ್ನು ಎಳೆದುಕೊಂಡು ಅಂಗಳಕ್ಕೆ ಬಂದು ನೋಡಿದರೆ, ಕಾರು ಶೆಡ್ಡಿನ ಇಳಿಜಾರಿನಲ್ಲಿ ತನ್ನಷ್ಟಕ್ಕೆ ತಾನು ಹಿಂದೆ ಸರಿದು, ಗೇಟಿನ ಒಂದು ಬಾಗಿಲನ್ನು ಕಿತ್ತು, ಇನ್ನೊಂದಕ್ಕೆ ಒರಗಿಕೊಂಡು ನಿಂತಿತ್ತು. ಗೇಟಿನಾಚೆ ರಸ್ತೆಯಲ್ಲಿ ಚೂಟಿ ನಿಂತಿದ್ದಳು. ಪೆನ್ನು ತರುತ್ತೇನೆಂದು ಈಗಷ್ಟೇ ಆ ಗೇಟು ದಾಟಿ ಹೋದವಳು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

ಮಗ ಅರ್ಧ ಗಡ್ಡ ಕೆರೆದು, ಇನ್ನರ್ಧಕ್ಕೆ ಸೋಪಿನ ನೊರೆ ಹಚ್ಚಿಕೊಂಡೇ ಓಡಿ ಬಂದ. ಮಗಳನ್ನು ತಲೆಯಿಂದ ಕಾಲಿನವರೆಗೆ ತಡವಿ ನೋಡಿದ. ಆಮೇಲೆ ತಾಯಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೀಲಿ ಕಿತ್ತುಕೊಂಡು ಕಾರು ಹತ್ತಿ, ಗೇರಿನ ಹಿಡಿಯನ್ನು ಸಿಕ್ಕಾಪಟ್ಟೆ ಎಳೆದಾಡಿ, ಕಾರನ್ನು ಮತ್ತೆ ಶೆಡ್ಡಿಗೆ ಏರಿಸಿ, ಚಕ್ರಗಳಿಗೆ ಇಟ್ಟಿಗೆ ಕೊಟ್ಟು ಇಳಿದ.

"ನ್ಯೂಟ್ರಲ್‌ನಲ್ಲೇ ಬಿಟ್ಟು ಬಂದಿದೀಯ ಅಮ್ಮ."

"ಇಲ್ಲ ಕಣೋ. ಪಾರ್ಕಿಗೆ ಹಾಕಿದ್ದೆ."

"ಪಾರ್ಕಿಗೆ ಹಾಕಿದ್ರೆ ಕಾರೇನು ಕಾಲು ಬಂದು ನಡ್ಕೊಂಡು ಹೋಯ್ತಾ?"

"ಅದು ಗೊತ್ತಿಲ್ಲ. ನಾನು ಹಾಕಿದ್ದೆ."

"ನಾನೇ ಕಣ್ಣಾರೆ ನೋಡಿದೀನಿ. ನ್ಯೂಟ್ರಲ್‌ನಲ್ಲಿತ್ತು."

ಕಣ್ಣಾರೆ ನೋಡಿದೆ ಅಂದ ಮೇಲೆ ಏನು ಹೇಳುವುದು? ಮಗ ಕೀಲಿಯನ್ನು ತನ್ನ ಹೆಂಡತಿಯ ಕೈಗೆ ಕೊಟ್ಟ. ಅವಳು ಅದನ್ನು ಸಕ್ಕರೆ ಡಬ್ಬಿಯ ಹಿಂದೆ ಇಟ್ಟಳು. ಎಲ್ಲಿಟ್ಟಳೆಂದು ನರ್ಸಮ್ಮನಿಗೆ ಗೊತ್ತಿತ್ತು, ಗೊತ್ತಿದೆಯೆಂದು ಸೊಸೆಗೂ ಗೊತ್ತಿತ್ತು. ಆದರೂ ಅಡಗಿಸಿಟ್ಟಿದ್ದು ಅಡಗಿಸಿಟ್ಟಂತೆಯೇ ಉಳಿಯಿತು.

ಆ ಕಾರು ಮನೆಗೆ ಬಂದದ್ದೇ ನರ್ಸಮ್ಮನ ಎಡಗಾಲಿಗಾಗಿ. ಚಿಕ್ಕಂದಿನಲ್ಲಿ ಜ್ವರ ಬಂದು ಸೊರಗಿದ ಕಾಲು ಅದು, ಕ್ಲಚ್ಚು ತುಳಿಯುವ ಶಕ್ತಿ ಇಲ್ಲ. ಹೆರಿಗೆ ಮಾಡಿಸುವ ದಾದಿಯಾದವಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬರುತ್ತದೆ, ಎಲ್ಲೆಲ್ಲಿಗೋ ಹೋಗಬೇಕು. ಗಂಡ ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಮೇಸ್ತ್ರಿ. ಊರೆಲ್ಲ ಹುಡುಕಿ, ಕ್ಲಚ್ಚಿಲ್ಲದ, ತಾನೇ ಗೇರು ಬದಲಾಯಿಸಿಕೊಳ್ಳುವ ಈ ಕಾರನ್ನು ಹಳೆಯದರಲ್ಲೇ ಹಿಡಿದು ತಂದರು. "ನಿನ್ನ ಒಂದು ಕಾಲು ಸಾಕು ಇದಕ್ಕೆ" ಅಂದರು. ಅಂದಿನಿಂದ ಈ ಬೀದಿಯ ಅರ್ಧ ಜನ ಭೂಮಿಗೆ ಬಿದ್ದದ್ದು ಈ ಕಾರು ಸಮಯಕ್ಕೆ ಸರಿಯಾಗಿ ಬಾಗಿಲಿಗೆ ಬಂದು ನಿಂತಿದ್ದರಿಂದ. ಮುಂದಿನ ಸೀಟು ಉದ್ದ ಬೆಂಚಿನ ಹಾಗಿತ್ತು. ಮಗ ಪುಟ್ಟವನಿದ್ದಾಗ ಅದರ ಮೇಲೆ ಮಲಗಿ ನಿದ್ದೆ ಹೊಡೆಯುತ್ತಿದ್ದ, ಕರೆ ಬಂದ ಮನೆಯೊಳಗೆ ಇನ್ಯಾರದೋ ಮಗು ಅಳುವ ತನಕ.

ಗೇರಿನ ಹಿಡಿಯನ್ನು ಪಾರ್ಕಿನ ಪಿ ಅಕ್ಷರಕ್ಕೆ, ಅಂದರೆ ಚಕ್ರ ಉರುಳದಂತೆ ಹಿಡಿದಿಡುವ ಜಾಗಕ್ಕೆ, ತಂದ ಮೇಲೆ ಅಂಗೈಯಿಂದ ಅದಕ್ಕೊಂದು ಗುದ್ದು ಕೊಡುವುದು ಮೇಸ್ತ್ರಿಯ ಪದ್ಧತಿ. "ಕೂತ್ಕೋ" ಅನ್ನುವಂತೆ ಒಂದು ಗುದ್ದು. ನಿಲುಗಡೆ ಬ್ರೇಕನ್ನು ಎಡಗಾಲಲ್ಲೇ ತುಳಿಯಬೇಕಿದ್ದರಿಂದ ನರ್ಸಮ್ಮನಿಗೆ ಈ ಪಿಯೇ ಆಧಾರ. ಅದನ್ನೇ ನರ್ಸಮ್ಮ ಕಲಿತರು, ಮೇಸ್ತ್ರಿ ತೀರಿಕೊಂಡ ಮೇಲೂ ಬಿಡಲಿಲ್ಲ. ಹೋದ ಚಳಿಗಾಲದಲ್ಲಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಪಟ್ಟಿ ಬಿಚ್ಚಿದ ಮೇಲೆ ಕೈಯಲ್ಲಿ ಮೊದಲಿನ ಕಸುವಿರಲಿಲ್ಲ. ಗುದ್ದು ಈಗ ತಟ್ಟಿದಷ್ಟೇ ಆಗುತ್ತಿತ್ತು.

ಗೇಟು ಕಿತ್ತುಹೋದ ಮರುದಿನದಿಂದ ಮನೆಯ ರೀತಿಯೇ ಬೇರೆಯಾಯಿತು. ಯಾರೂ ಏನೂ ಅನ್ನಲಿಲ್ಲ, ಅದೇ ತೊಂದರೆ. ನರ್ಸಮ್ಮ ಒಲೆ ಆರಿಸಿ ಹೊರಬಂದರೆ ಮಗ ಎದ್ದು ಹೋಗಿ ಗ್ಯಾಸಿನ ಗುಬುಟನ್ನು ಮುಟ್ಟಿ ನೋಡಿ ಬರುತ್ತಿದ್ದ. ನಲ್ಲಿ ನಿಲ್ಲಿಸಿ ಬಂದರೆ ಸೊಸೆ ಬಚ್ಚಲ ಕಡೆ ಕಿವಿ ಕೊಡುತ್ತಿದ್ದಳು. ಮಾತ್ರೆ ನುಂಗಿದಿರಾ ಅಂತ ಇಬ್ಬರೂ ಬೇರೆ ಬೇರೆಯಾಗಿ ಕೇಳುತ್ತಿದ್ದರು. ಒಂದು ಸಂಜೆ ಚೂಟಿ ಫೋನು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು.

"ಅಜ್ಜಿ, ಇವತ್ತು ಯಾವ ವಾರ?"

"ನಿನ್ನ ಪರೀಕ್ಷೆ ಶುರುವಾಗೋದಕ್ಕೆ ಹಿಂದಿನ ವಾರ. ಓದ್ಕೋ ಹೋಗು."

"ತಮಾಷೆ ಮಾಡ್ಬೇಡ ಅಜ್ಜಿ. ನೂರರಿಂದ ಏಳೇಳು ಕಳೀತಾ ಹೋಗು, ನೋಡೋಣ."

"ತೊಂಬತ್ಮೂರು. ಎಂಬತ್ತಾರು. ಎಪ್ಪತ್ತೊಂಬತ್ತು. ಸಾಕಾ? ಆಸ್ಪತ್ರೇಲಿ ಮುದುಕರಿಗೆ ಮರೆವು ಬಂದಿದ್ಯಾ ಅಂತ ಈ ಪ್ರಶ್ನೆ ಕೇಳೋವಾಗ ಪಕ್ಕದಲ್ಲಿ ನಿಂತಿರ್ತಿದ್ದವಳು ನಾನು. ನಿಮ್ಮಪ್ಪ ಹೇಳಿ ಕಳಿಸಿದನಾ?"

ಚೂಟಿ ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ ಅಜ್ಜಿಯ ತೋಳಿಗೆ ಒರಗಿ, "ಎಲ್ಲಾ ಸರಿ ಹೇಳಿದೀಯ ಅಜ್ಜಿ" ಅಂದಳು. ನರ್ಸಮ್ಮನಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಯಾಕೆಂದರೆ ಅಷ್ಟು ಹೊತ್ತಿಗೆ ಅವರಿಗೇ ತಮ್ಮ ಮೇಲೆ ನಂಬಿಕೆ ಹೋಗಿತ್ತು. ಒಲೆ ಆರಿಸಿ ಬಂದು, ಮತ್ತೆ ಹೋಗಿ ನೋಡಿ, ಕೂತ ಮೇಲೆ ಮತ್ತೊಮ್ಮೆ ಎದ್ದು ಹೋಗುತ್ತಿದ್ದರು. ಒಂದು ಬೆಳಿಗ್ಗೆ ಹಾಲು ಒಲೆಯ ಮೇಲಿತ್ತು. ಹಿತ್ತಲ ನಲ್ಲಿ ನಿಲ್ಲಿಸಿದೆನೋ ಇಲ್ಲವೋ ಅಂತ ಎರಡನೇ ಸಲ ನೋಡಲು ಹೋದಾಗ ಹಾಲು ಉಕ್ಕಿ, ಸೀದು, ಮನೆಯೆಲ್ಲ ಕಮರು ನಾತ ಹರಡಿತು. ನಲ್ಲಿ ನಿಂತೇ ಇತ್ತು. ಮಗ ಪಾತ್ರೆಯನ್ನು ನೋಡಿದ, ತಾಯಿಯನ್ನು ನೋಡಿದ, ಹಾಲಿಲ್ಲದ ಚಹಾ ಕುಡಿದು ಕೆಲಸಕ್ಕೆ ಹೋದ. ಬೈದಿದ್ದರೆ ನರ್ಸಮ್ಮ ತಿರುಗಿ ನಾಲ್ಕು ಬೈದು ಹಗುರಾಗುತ್ತಿದ್ದರು.

ಮಗ ನೀರು ಸರಬರಾಜು ಕಚೇರಿಯಲ್ಲಿ ಮೀಟರು ತಪಾಸಣೆ ಮಾಡುವವನು. ಮನೆ ಮನೆಗೆ ಹೋಗಿ ಮೀಟರು ನೋಡಿ ಬರೆದುಕೊಳ್ಳುವುದು ಕೆಲಸ. ಒಂದು ದಿನ ಊಟದ ಹೊತ್ತಿಗೆ, ತಟ್ಟೆಯ ಕಡೆಗೇ ನೋಡುತ್ತಾ ಹೇಳಿದ: "ಹಳೇ ಕಾರುಗಳನ್ನ ಮದುವೆಗೆ ಬಾಡಿಗೆ ಬಿಡೋನೊಬ್ಬ ಸಿಕ್ಕಿದಾನೆ. ಭಾನುವಾರ ನೋಡೋಕೆ ಬರ್ತಾನಂತೆ."

"ಯಾವ ಕಾರು?" ಅಂದರು ನರ್ಸಮ್ಮ.

"ನಮ್ಮನೇಲಿ ಎಷ್ಟು ಕಾರಿದೆ ಅಮ್ಮ?"

"ನನ್ನ ಕಾರನ್ನ ನೀನು ಮಾರೋದಾ?"

"ಇನ್ನೊಂದು ಕ್ಷಣ ತಡವಾಗಿದ್ರೆ ನನ್ನ ಮಗಳು ಅದರ ಕೆಳಗಿರ್ತಿದ್ಲು. ಆಗ ಯಾರ ಕಾರು ಅಂತ ಕೇಳ್ಕೊಂಡು ಕೂರ್ತಿದ್ವಾ?"

ನರ್ಸಮ್ಮನೂ ಆ ಗೇಟನ್ನು ಕಂಡಾಗಲೆಲ್ಲ ಅದನ್ನೇ ನೆನೆಸಿಕೊಂಡು ನಡುಗುತ್ತಿದ್ದರು. ತಟ್ಟೆಯಲ್ಲೇ ಕೈ ತೊಳೆದು ಎದ್ದರು. "ಅರ್ಧಕ್ಕೇ ಎದ್ರಲ್ಲ ಅತ್ತೆ" ಅಂದ ಸೊಸೆ ಗಂಡನ ಕಡೆ ಕಣ್ಣು ಬಿಟ್ಟಳು. "ಊಟದ ಹೊತ್ತಲ್ಲೇ ಆಗ್ಬೇಕಿತ್ತಾ ನಿಮಗೆ ಇದು?"

ಸೊಸೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡವಳು. ಮಾತು ಕಡಿಮೆ. ಹೊಲಿದು ಮಿಕ್ಕ ಚಿಂದಿ ಬಟ್ಟೆಯನ್ನೆಲ್ಲ ಚೀಲದಲ್ಲಿ ತುಂಬಿ ಶೆಡ್ಡಿನ ಗುಂಡಿಯಲ್ಲಿ ಇಡುತ್ತಿದ್ದಳು. ಕಾರಿನ ಕೆಳಗೆ ನಿಂತು ಕೆಲಸ ಮಾಡಲು ಮೇಸ್ತ್ರಿ ತೋಡಿಸಿದ್ದ ಗುಂಡಿ ಅದು. ಅವರು ಹೋದ ಮೇಲೆ ಚಿಂದಿಗೇ ಮೀಸಲಾಗಿತ್ತು.

ಭಾನುವಾರಕ್ಕೆ ಮುಂಚೆ ಒಂದು ಮಧ್ಯಾಹ್ನ ನರ್ಸಮ್ಮ ಕಾರಿನಲ್ಲಿದ್ದ ತಮ್ಮ ಸಾಮಾನು ತೆಗೆಯಲು ಶೆಡ್ಡಿಗೆ ಹೋದರು. ಹಳೆಯ ಟಾರ್ಚು, ಬಿಸಿನೀರಿನ ರಬ್ಬರ್ ಚೀಲ, ಯಾವುದೋ ಮಗುವಿನ ಒಂಟಿ ಕಾಲುಚೀಲ. ಆ ಕಾಲುಚೀಲದ ಒಡೆಯ ಈಗ ಎಲ್ಲಿದ್ದಾನೋ, ಗಡ್ಡ ಮೀಸೆ ಬಂದಿರಬೇಕು. ಅದನ್ನು ಮಡಿಲಲ್ಲಿಟ್ಟುಕೊಂಡು ಸೀಟಿನಲ್ಲಿ ಕೂತರು. ಸೀಟಿನಿಂದ ಇನ್ನೂ ಮೇಸ್ತ್ರಿಯ ಅಂಗಿಯ ಎಣ್ಣೆ ವಾಸನೆ ಬರುತ್ತಿತ್ತು, ಅಥವಾ ಬರುತ್ತಿದೆ ಅಂತ ಅವರಿಗೆ ಅನ್ನಿಸಿತು. ಕೈ ತಾನಾಗಿ ಗೇರಿನ ಹಿಡಿಗೆ ಹೋಯಿತು. ಅತ್ತ ತಳ್ಳಿದರು, ಇತ್ತ ತಂದರು.

"ಅತ್ತೆ, ಈಗ ಏನ್ ಮಾಡಿದ್ರಿ?"

ದನಿ ಬಂದದ್ದು ಕಾಲಿನ ಕೆಳಗಿನಿಂದ. ಸೊಸೆ ಚಿಂದಿ ಚೀಲ ತೆಗೆಯಲು ಗುಂಡಿಗೆ ಇಳಿದಿದ್ದಳು. ನರ್ಸಮ್ಮನಿಗೆ ಕಳ್ಳತನದಲ್ಲಿ ಸಿಕ್ಕಿಬಿದ್ದಂತಾಯಿತು.

"ಏನಿಲ್ಲ ಕಣಮ್ಮ. ಸುಮ್ನೆ ಗೇರು ಆಡಿಸ್ದೆ. ಕೀಲಿ ಮುಟ್ಟಿಲ್ಲ ನಾನು."

"ಇನ್ನೊಂದ್ಸಲ ಮಾಡಿ. ಪಾರ್ಕಿಗೆ ಹಾಕಿ."

"ಹಾಕ್ದೆ."

"ಹಾಕಿದ್ರಾ?"

"ಹಾಕಿದೀನಿ ಕಣೆ, ಮುಳ್ಳು ಪಿ ಮೇಲೇ ನಿಂತಿದೆ."

ಕೆಳಗೆ ಏನನ್ನೋ ಬೆರಳಿಂದ ಅಲುಗಾಡಿಸಿ ನೋಡುವ ಸದ್ದಾಯಿತು. ಆಮೇಲೆ ಸೊಸೆ ಹೇಳಿದಳು: "ಇಲ್ಲಿಗೆ ಇನ್ನೂ ಬಂದಿಲ್ಲ ಅತ್ತೆ."

"ಏನು ಬಂದಿಲ್ಲ?"

"ನಿಮ್ಮ ಹಿಡಿಯಿಂದ ಒಂದು ಸರಳು ಇಳಿದು ಬಂದಿದೆ. ಗೇರ್ ಪೆಟ್ಟಿಗೆ ಪಕ್ಕದಲ್ಲಿ ಕಿವಿ ಥರ ತಿರುಗೋ ಒಂದು ತುಂಡಿದೆ, ಅದಕ್ಕೆ ಸಿಕ್ಕಿಸಿದಾರೆ. ನೀವು ತಳ್ಳಿದ್ರೆ ಸರಳು ಬರುತ್ತೆ, ಆದ್ರೆ ತೂತಲ್ಲೇ ಒಂದು ಅಕ್ಕಿಕಾಳಷ್ಟು ಸುಮ್ನೆ ಆಡುತ್ತೆ. ಕಿವಿ ಪೂರ್ತಿ ತಿರುಗೋದೇ ಇಲ್ಲ. ನನ್ನ ಮಿಷನ್ನಿನ ತುಳಿಯೋ ಕಡ್ಡಿ ವಾಷರು ಸವೆದಾಗ ಹೀಗೇ ಟಕಟಕ ಅನ್ನೋದು."

"ಇನ್ನೊಂದ್ಸಲ ಹೇಳು."

"ಸರಳು ಬರುತ್ತೆ, ತೂತಲ್ಲಿ..."

"ಅದಲ್ಲ. ಮೊದಲು ಹೇಳಿದ್ಯಲ್ಲ, ಅದು."

ಸೊಸೆಗೆ ಆಗ ಅರ್ಥವಾಯಿತು. ಗುಂಡಿಯಿಂದ ಮೇಲೆ ಬಂದು, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು, ಕಾರಿನ ಬಾಗಿಲ ಹತ್ತಿರ ನಿಂತಳು. "ನೀವು ಹಾಕಿದೀರಿ ಅತ್ತೆ. ಅದು ಬಂದಿಲ್ಲ. ಅವತ್ತೂ ಇಷ್ಟೇ ಆಗಿರೋದು" ಅಂದಳು. ನರ್ಸಮ್ಮ ಸ್ಟೀರಿಂಗಿಗೆ ಹಣೆ ಕೊಟ್ಟು ಬಿಕ್ಕಿ ಬಿಕ್ಕಿ ಅತ್ತರು. ಗಂಡ ಸತ್ತಾಗಲೂ ಸೊಸೆಯ ಮುಂದೆ ಹಾಗೆ ಅತ್ತಿರಲಿಲ್ಲ. ಸೊಸೆ ಮುಟ್ಟೋಣವೆಂದರೆ ಕೈಯೆಲ್ಲ ಗ್ರೀಸು, ಮೊಣಕೈಯಿಂದಲೇ ಅವರ ಬೆನ್ನು ಸವರಿದಳು.

ಅವತ್ತು ಊಟಕ್ಕೆ ಬಡಿಸುತ್ತಾ ಸೊಸೆಯೇ ಶುರು ಮಾಡಿದಳು.

"ರೀ, ಅವತ್ತು ಗೇರು ಯಾವುದರಲ್ಲಿತ್ತು?"

"ಎಷ್ಟು ಸಲ ಹೇಳ್ಬೇಕು? ನ್ಯೂಟ್ರಲ್."

"ನೋಡಿದ್ರಾ?"

"ನೋಡದೆ ಹೇಳ್ತೀನಾ?"

"ಅದನ್ನೇ ಕೇಳ್ತಿರೋದು. ನೋಡಿದ್ರಾ, ಇಲ್ಲಾ ಅಲ್ಲೇ ಇರುತ್ತೆ ಅಂದ್ಕೊಂಡ್ರಾ? ಊರವರ ಮನೆ ಮೀಟರನ್ನೂ ಹೀಗೇ ನೋಡಿ ಬರೀತೀರಾ?"

ಚೂಟಿ ಕಿಸಕ್ಕನೆ ನಕ್ಕು, ಅಪ್ಪನ ಮುಖ ನೋಡಿ ನಗು ನುಂಗಿದಳು. ಸೊಸೆ ಗುಂಡಿಯಲ್ಲಿ ಕಂಡದ್ದನ್ನೆಲ್ಲ ಹೇಳಿದಳು. ಚಮಚವನ್ನು ಸರಳು ಮಾಡಿ, ಬಳೆಯನ್ನು ತೂತು ಮಾಡಿ ಆಡಿಸಿ ತೋರಿಸಿದಳು. ಮಗ ಕೇಳುತ್ತಾ ಕೇಳುತ್ತಾ ತಟ್ಟೆಯಲ್ಲಿ ಕೈ ನಿಲ್ಲಿಸಿದ.

"ಮಗು ಅಲ್ಲಿ ನಿಂತಿತ್ತು" ಅಂದ ಕೊನೆಗೆ. "ನಂಗೆ ಬೇರೇನೂ ಕಾಣಿಸ್ತಿರಲಿಲ್ಲ ಅಮ್ಮ. ಹಿಡಿ ಎಲ್ಲಿತ್ತೋ, ಎತ್ತ ಎಳೆದ್ನೋ, ಒಂದೂ ನೆನಪಿಲ್ಲ."

"ಮತ್ತೆ ಕಣ್ಣಾರೆ ನೋಡಿದೆ ಅಂತ ಯಾಕೋ ಅಂದೆ?"

ಅವನು ತಾಯಿಯ ಲೋಟಕ್ಕೆ ನೀರು ಬಗ್ಗಿಸಿದ. ನರ್ಸಮ್ಮ ಇನ್ನೇನೂ ಕೇಳದೆ ಊಟ ಮುಗಿಸಿದರು. ಬಹಳ ದಿನಗಳ ಮೇಲೆ ಅವತ್ತು ಎರಡನೇ ಸಲ ಬಡಿಸಿಕೊಂಡರು.

ಸರಳಿನ ತುದಿ ಸಿಕ್ಕಿಕೊಳ್ಳುವ ಪುಟ್ಟ ಬಳೆಯನ್ನು, ಬುಷ್ಷನ್ನು, ಸೊಸೆಯೇ ಬಿಚ್ಚಿ ತೆಗೆದಳು. ಹಿತ್ತಾಳೆಯದು, ಹೆಬ್ಬೆರಳಿನ ಉಗುರಷ್ಟಿತ್ತು. ದುಂಡಗಿರಬೇಕಾದ ತೂತು ಸವೆದು ಸವೆದು ಮೊಟ್ಟೆಯಾಕಾರವಾಗಿತ್ತು. ಗ್ಯಾರೇಜಿನವನಿಗೆ ತೋರಿಸಿದರೆ, "ಇದಕ್ಕೆ ಕಂಪ್ಯೂಟರ್ ಎಲ್ಲಿ ಚುಚ್ಚೋದು?" ಅಂತ ನಕ್ಕ. ಕೊನೆಗೆ ಮೇಸ್ತ್ರಿ ಕೆಲಸ ಮಾಡುತ್ತಿದ್ದ ಲೇತ್ ಅಂಗಡಿಗೇ ಹೋಗುವುದೆಂದಾಯಿತು. ಮಗ ಕಚೇರಿಯ ಕಾರಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಹೊರಟ. ಅದೂ ಕ್ಲಚ್ಚಿಲ್ಲದ ಕಾರೇ, ಹೊಚ್ಚ ಹೊಸದು. ಅಂಗಡಿಯ ಮುಂದೆ ನಿಲ್ಲಿಸಿ, ಮಗ ಹಿಡಿಯನ್ನು ಪಿಗೆ ತಳ್ಳಿ, ಅದಕ್ಕೆ ಅಂಗೈಯಿಂದ ಒಂದು ಗುದ್ದು ಕೊಟ್ಟ.

ನರ್ಸಮ್ಮ ಇಳಿಯದೆ ಹಾಗೇ ಕೂತರು. "ಅದನ್ನ ಯಾಕೋ ಗುದ್ದಿದೆ?"

"ಏನನ್ನ?"

"ಗೇರನ್ನ."

ಮಗ ತನ್ನ ಕೈ ನೋಡಿಕೊಂಡ. "ಗುದ್ದಿದ್ನಾ?"

"ದಿನಾ ಗುದ್ತೀಯೇನೋ. ಹೊಸ ಕಾರು, ಪಾಪ. ನಿಮ್ಮಪ್ಪನೂ ಹೀಗೇ."

ಇಬ್ಬರಿಗೂ ನಗು ಬಂತು. ನಗುತ್ತಾ ನಗುತ್ತಾ ಮಗನ ಕಣ್ಣು ತುಂಬಿತು. ಆ ಬೆಂಚಿನ ಸೀಟು, ಅಪ್ಪ ಗುದ್ದಿದಾಗ ಮಲಗಿದ್ದವನಿಗೆ ಎಚ್ಚರವಾಗುತ್ತಿದ್ದದ್ದು, "ಮನೆ ಬಂತು, ಏಳೋ" ಅನ್ನುತ್ತಿದ್ದ ದನಿ, ಎಲ್ಲ ಒಟ್ಟಿಗೇ ನೆನಪಾಯಿತು. "ಅಮ್ಮ, ತಪ್ಪಾಯ್ತು" ಅಂದ. ನರ್ಸಮ್ಮ ಅವನ ತಲೆ ಸವರಿ, "ಬಾ, ಅಂಗಡಿ ಮುಚ್ಚಿಬಿಟ್ಟಾರು" ಅಂದರು.

ಅಂಗಡಿ ಈಗ ಮೇಸ್ತ್ರಿಯ ಹಳೆಯ ಶಿಷ್ಯನ ಕೈಯಲ್ಲಿತ್ತು. ಅವನಿಗೂ ತಲೆ ನರೆತಿತ್ತು. ಬುಷ್ಷನ್ನು ಬೆಳಕಿಗೆ ಹಿಡಿದು, "ಇದು ನಮ್ಮ ಮೇಸ್ತ್ರಿ ಕೈಕೆಲಸಾನೇ" ಅಂದ. "ಅಂಚನ್ನ ಹೀಗೆ ಓರೆಯಾಗಿ ಉಜ್ಜಿ ನುಣುಪು ಮಾಡೋದು ಅವರೊಬ್ರೇ. ಪ್ಲಾಸ್ಟಿಕ್‌ದು ಒಡೆದುಹೋಯ್ತು ಅಂತ ಒಂದು ಮಧ್ಯಾಹ್ನ ಊಟ ಬಿಟ್ಟು ಕಡೆದಿದ್ರು, ನಾನು ಪಕ್ಕದಲ್ಲೇ ಇದ್ದೆ. ಮೊದಲೇ ಒಂದು ಕೂದಲೆಳೆ ಸಡಿಲ ಆಗಿತ್ತು. ಪರವಾಗಿಲ್ಲ, ಗುದ್ದಿದ್ರೆ ಕೂರುತ್ತೆ ಅಂದ್ರು."

"ಅಷ್ಟಕ್ಕೇ ಇಷ್ಟು ಸವೆಯುತ್ತಾ?"

"ಎಣ್ಣೆ ಬಿಡ್ತಾ ಇದ್ರೆ ಸವೀತಿರಲಿಲ್ಲ ಅಮ್ಮ. ಮೇಸ್ತ್ರಿ ಇರೋವರೆಗೂ ಅವರು ಬಿಡ್ತಿದ್ರು. ಆಮೇಲೆ ಯಾರು ಬಿಟ್ರು?"

ಯಾರೂ ಬಿಟ್ಟಿರಲಿಲ್ಲ. ಕಾರಿನ ಕೆಳಗೆ ಎಣ್ಣೆ ಬೇಡುವ ಜಾಗವೊಂದಿದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ಆ ಮನುಷ್ಯ ಅದನ್ನೆಲ್ಲ ಯಾವಾಗ ಮಾಡುತ್ತಿದ್ದರೋ, ಒಂದು ದಿನವೂ ಹೇಳಿಕೊಂಡವರಲ್ಲ. ನರ್ಸಮ್ಮ ಬುಷ್ಷನ್ನು ವಾಪಸು ಇಸಿದುಕೊಂಡು ಕರವಸ್ತ್ರದಲ್ಲಿ ಸುತ್ತಿದರು. ಶಿಷ್ಯ ನೈಲಾನಿನಲ್ಲಿ ಹೊಸದೊಂದನ್ನು ಕಡೆದು ಕೊಟ್ಟ.

ಕೂರಿಸುವ ಕೆಲಸ ಒಂದೇ ಏಟಿಗೆ ಆಗಲಿಲ್ಲ. ಗುಂಡಿಯಲ್ಲಿ ಸೊಸೆ, ಸೀಟಿನಲ್ಲಿ ಅತ್ತೆ, ಟಾರ್ಚು ಹಿಡಿದು ಚೂಟಿ, ಸ್ಪ್ಯಾನರು ಕೊಡುವುದಕ್ಕೆ ಮಗ. ಮೊದಲ ಸಲ ಹಿಡಿಯನ್ನು ಪಿಯಲ್ಲಿಟ್ಟು, ಸರಳು ಎಲ್ಲಿಗೆ ಬಂತೋ ಅಲ್ಲಿಗೇ ಕಿವಿಯನ್ನು ಎಳೆದು ಸಿಕ್ಕಿಸಿ ನಟ್ಟು ಬಿಗಿದರು. ಕೀಲಿ ತಿರುಗಿಸಿದರೆ ಕಾರು ಮಿಸುಕಲಿಲ್ಲ.

"ಸ್ಟಾರ್ಟೇ ಆಗ್ತಿಲ್ವಲ್ಲ" ಅಂದ ಮಗ. "ಇನ್ನೂ ಕೆಡಿಸಿದ್ವಾ?"

"ಬಾಯಿ ಬಿಡ್ಬೇಡ, ತಡಿ" ಅಂದರು ನರ್ಸಮ್ಮ. "ಪೆಟ್ಟಿಗೆ ಪಾರ್ಕಿಗೋ ನ್ಯೂಟ್ರಲಿಗೋ ಸರಿಯಾಗಿ ಕೂರದಿದ್ರೆ ಇದು ಸ್ಟಾರ್ಟ್ ಆಗಲ್ಲ. ಅಂದ್ರೆ ಕೂತಿಲ್ಲ. ಸರಳು ಬಿಚ್ಚು ಕಣಮ್ಮ. ಮೇಸ್ತ್ರಿ ಮೊದಲು ಪೆಟ್ಟಿಗೇನ ಕೂರಿಸೋರು, ಆಮೇಲೆ ಹಿಡೀನ ಅದಕ್ಕೆ ಒಪ್ಪಿಸೋರು. ಕಿವೀನ ಬರಿಗೈಲಿ ಪೂರ್ತಿ ಹಿಂದಕ್ಕೆ ತಳ್ಳು, ಟಕ್ ಅನ್ನೋ ತನಕ."

ಕೆಳಗಿನಿಂದ ಟಕ್ ಎಂದು ಕೇಳಿಸಿತು. ಮಗ ಇಟ್ಟಿಗೆ ಸ್ವಲ್ಪ ಸರಿಸಿ ಕಾರನ್ನು ಹಿಂದಕ್ಕೆ ಜಗ್ಗಿದ. ಗೋಡೆ ಜಗ್ಗಿದಂತಾಯಿತು. ಇಟ್ಟಿಗೆ ಮತ್ತೆ ಕೊಟ್ಟ. ಈಗ ಹಿಡಿಯನ್ನು ಪಿಯಲ್ಲಿಟ್ಟು, ಸೊಸೆ ಸರಳಿನ ಉದ್ದ ಹೊಂದಿಸುವ ತಿರುಪನ್ನು ಒಂದೊಂದೇ ಸುತ್ತು ತಿರುಗಿಸುತ್ತಾ ಹೋದಳು. ಎಳೆಯದೆ, ತಳ್ಳದೆ, ಸರಳಿನ ತುದಿಯ ಮೊಳೆ ತಾನಾಗಿ ಹೊಸ ಬುಷ್ಷಿನೊಳಗೆ ಜಾರಿದಾಗ ನಟ್ಟು ಬಿಗಿದಳು. ಎಣ್ಣೆಯೂ ಒಂದು ತೊಟ್ಟು ಬಿಟ್ಟಳು.

"ಆರ್ ಹಾಕಿ ಅತ್ತೆ. ಬಂತು. ಎನ್. ಬಂತು. ಡಿ. ಬಂತು. ಈಗ ಪಿ."

ನರ್ಸಮ್ಮ ಹಿಡಿಯನ್ನು ತಳ್ಳಿದರು. ಗುದ್ದಲು ಅಂಗೈ ಎತ್ತಿದ್ದರು, ಅಷ್ಟರಲ್ಲಿ ಕೆಳಗಿನಿಂದ ಸೊಸೆ ಹೇಳಿದಳು: "ಬಂತು ಅತ್ತೆ."

ಎತ್ತಿದ ಕೈಯನ್ನು ಅವರು ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡರು. ಇಷ್ಟು ಕಾಲ ದಿನವೂ ಕೊಟ್ಟ ಗುದ್ದು ಇನ್ನು ಬೇಕಿಲ್ಲವಲ್ಲ ಎಂದು ಹಿಡಿಯನ್ನೊಮ್ಮೆ ಸವರಿದರು. ಆಮೇಲೆ ಕೀಲಿ ತಿರುಗಿಸಿದರು. ಕಾರು ಮೊದಲಿನ ಹಾಗೇ ಗೊಗ್ಗರು ದನಿಯಲ್ಲಿ ಎದ್ದಿತು.

ಬಾಡಿಗೆ ಕಾರಿನವನಿಗೆ ಬರಬೇಡವೆಂದು ಮಗನೇ ಫೋನು ಮಾಡಿದ. ಕೀಲಿ ಮತ್ತೆ ಸಕ್ಕರೆ ಡಬ್ಬಿಯ ಹಿಂದೆ ಹೋಗಲಿಲ್ಲ, ಬಾಗಿಲ ಪಕ್ಕದ ಮೊಳೆಗೆ ಹೋಯಿತು. ನರ್ಸಮ್ಮ ಸೊಸೆಗೆ, "ನಾಳೆಯಿಂದ ನೀನೂ ಕಲಿ. ಕೆಳಗಿಂದ ಗೊತ್ತಿದೆ, ಮೇಲಿಂದ ಕಷ್ಟವಾ?" ಅಂದರು. ಸೊಸೆ ನಾಚಿಕೊಂಡು ಕೈಯ ಗ್ರೀಸು ಉಜ್ಜುತ್ತಾ ನಿಂತಳು. ಬೇಡ ಅನ್ನಲಿಲ್ಲ.

ಸಂಜೆ ಎಲ್ಲರೂ ಊಟಕ್ಕೆ ಕೂತರು. ನರ್ಸಮ್ಮ ಒಲೆ ಆರಿಸಿ, ಪಾತ್ರೆ ಹಿಡಿದು ಬಂದು ಬಡಿಸತೊಡಗಿದರು. ಮಗ ಅಭ್ಯಾಸಬಲದಿಂದ ಅಡುಗೆಮನೆ ಕಡೆ ಹೋಗಲು ಅರ್ಧ ಎದ್ದ. ಹೆಂಡತಿ ನೋಡಿದಳು, ಮಗಳು ನೋಡಿದಳು. ನಾಚಿಕೆಯಾಗಿ ಮತ್ತೆ ಕೂರಲು ಹೋದ.

"ಎದ್ದಿದೀಯಲ್ಲ, ಹೋಗು" ಅಂದರು ನರ್ಸಮ್ಮ, ಅನ್ನದ ಸೌಟು ಕೈಯಲ್ಲೇ ಹಿಡಿದು. "ಆದ್ರೆ ಈ ಸಲ ಕಣ್ಣು ಬಿಟ್ಟು ನೋಡು. ನೋಡ್ಕೊಂಡು ಬಂದು ಹೇಳು."

ಮಗ ಹೋದ. ಒಲೆಯ ಮುಂದೆ ಬಗ್ಗಿದ. ಮುಟ್ಟಲಿಲ್ಲ, ಗುಬುಟನ್ನು ಬರೀ ನೋಡಿದ. ತಿರುಗಿ ಬಂದು ತಾಯಿಯ ಪಕ್ಕದಲ್ಲಿ ಕೂತು ತಟ್ಟೆ ಮುಂದಕ್ಕೆ ಸರಿಸಿದ.

"ಆರಿಸಿದೀಯ ಅಮ್ಮ" ಅಂದ. "ನಾನು ನೋಡ್ದೆ."